ಎಲಿಮಿನೇಟರ್: ಅಪ್ಪನ 175ರಿಂದ ಅಕ್ಕನ ಮಗನ 500ರವರೆಗೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಎತ್ತರ ಐದಡಿ ಒಂದಿಂಚು. ಬೈಕಿನ ಬಗ್ಗೆ ನಾನು ಏನೇ ಹೇಳಿದರೂ ಅಲ್ಲಿಂದಲೇ ಶುರು. ಸೋಮವಾರಪೇಟೆ ಕಡೆ ಪಶು ಆಸ್ಪತ್ರೆಯ ಕೆಲಸ ನನ್ನದು. ಡಾಕ್ಟರ್ ಅಲ್ಲ, ಆದರೂ ಊರವರು ಕರೆಯುವುದು ಡಾಕ್ಟ್ರಮ್ಮ ಅಂತಲೇ. ಹಸುವಿಗೆ ಇಂಜೆಕ್ಷನ್, ಕಾಲುಬಾಯಿ ರೋಗದ ಲಸಿಕೆ, ಬೆದೆಗೆ ಬಂದಿದೆ ಅಂತ ಫೋನ್ ಬಂದರೆ ಕೃತಕ ಗರ್ಭಧಾರಣೆ. ದಿನಕ್ಕೆ ನಲವತ್ತು ಐವತ್ತು ಕಿಲೋಮೀಟರ್ ಓಡಾಟ. ಅದರಲ್ಲಿ ಅರ್ಧ ಟಾರ್ ರಸ್ತೆ, ಇನ್ನರ್ಧ ತೋಟದ ಕಲ್ಲು ದಾರಿ.

ಹಾಗಾಗಿ ಬೈಕ್ ನಿಂತಾಗ ನನ್ನ ಎರಡೂ ಪಾದ ಪೂರ್ತಿ ನೆಲಕ್ಕೆ ತಾಗಬೇಕು. ಶಾಂತಳ್ಳಿ ಕಡೆಯ ಏರಿನಲ್ಲಿ, ಜುಲೈ ಮಳೆಯಲ್ಲಿ, ಪಾಚಿ ಕಟ್ಟಿದ ಕಾಂಕ್ರೀಟ್ ಮೇಲೆ ತುದಿಗಾಲಲ್ಲಿ ನಿಂತು ಬೈಕ್ ಹಿಡಿಯೋಕೆ ಹೋದರೆ ಏನಾಗುತ್ತೆ ಅಂತ ನನ್ನ ಎಡ ಮಂಡಿಯ ಗುರುತು ಹೇಳುತ್ತದೆ. ಅದು ಬೇರೆಯವರಿಂದ ಕೇಳಿ ತಂದ ಎತ್ತರದ ಬೈಕು. ತಪ್ಪು ನನ್ನದೇ.

ಅಕ್ಕನ ಮಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಕಳೆದ ನವೆಂಬರ್‌ನಲ್ಲಿ ಆಫೀಸಿನವರು ಅವನನ್ನು ಹನ್ನೊಂದು ದಿನ ಹೊರದೇಶಕ್ಕೆ ಕಳಿಸಿದರು. ತನ್ನ ಕವಾಸಾಕಿ ಎಲಿಮಿನೇಟರ್ 500 ಬೈಕನ್ನು ಅಪಾರ್ಟ್‌ಮೆಂಟ್ ಪಾರ್ಕಿಂಗ್‌ನಲ್ಲಿ ಬಿಡಲು ಮನಸ್ಸಾಗದೆ ಊರಿಗೆ ತಂದು ನಮ್ಮ ಕಣದಲ್ಲಿ ನಿಲ್ಲಿಸಿದ. ಕಾಫಿ ಹಣ್ಣು ಇನ್ನೂ ಕುಯ್ದಿರಲಿಲ್ಲ, ಕಣ ಖಾಲಿ ಇತ್ತು. "ಚಿಕ್ಕಮ್ಮ, ಎರಡು ದಿನಕ್ಕೊಂದು ಸಲ ಸುಮ್ನೆ ಸ್ಟಾರ್ಟ್ ಮಾಡಿ ಬಿಡಿ ಸಾಕು" ಅಂದ. ನಾನು ಸ್ಟಾರ್ಟ್ ಮಾಡಿದೆ. ಹಿಂದಕ್ಕೆ ಕೊಡುವಾಗ 612 ಕಿಲೋಮೀಟರ್ ಜಾಸ್ತಿ ಆಗಿತ್ತು.

ಆ ಹೆಸರು ನಮ್ಮ ಮನೆಗೆ ಹೊಸದಲ್ಲ. 2003ರಲ್ಲಿ ಅಪ್ಪ ಒಂದು ಎಲಿಮಿನೇಟರನ್ನು ಸೆಕೆಂಡ್ ಹ್ಯಾಂಡ್ ತಗೊಂಡಿದ್ದರು. ಎಸ್ಟೇಟ್ ಸಾಹುಕಾರರೊಬ್ಬರ ಮಗ ಓದಲು ವಿದೇಶಕ್ಕೆ ಹೊರಟಾಗ ಮಾರಿದ್ದು. ಕಾಫಿ ರೇಟು ನೆಲ ಕಚ್ಚಿದ್ದ ಕಾಲ ಅದು. ಗೊಬ್ಬರಕ್ಕೆ ದುಡ್ಡಿಲ್ಲದಾಗ ಇದೆಂಥ ಶೋಕಿ ಅಂತ ಅವ್ವ ಮೂರು ದಿನ ಮಾತು ಬಿಟ್ಟಿದ್ದಳು. ನಾಲ್ಕನೇ ದಿನ ಹಿಂದೆ ಕೂತು ಮಡಿಕೇರಿ ಸಂತೆಗೆ ಹೋಗಿ ಬಂದಳು. ಆಮೇಲೆ ಆ ವಿಷಯದಲ್ಲಿ ಜಗಳ ಆಗಿದ್ದು ನನಗೆ ನೆನಪಿಲ್ಲ.

ಅದು ಕವಾಸಾಕಿ ಮತ್ತು ಬಜಾಜ್ ಸೇರಿ 2001ರಲ್ಲಿ ನಮ್ಮ ದೇಶದಲ್ಲಿ ಬಿಟ್ಟ ಎಲಿಮಿನೇಟರ್. 175 ಸಿಸಿ, ಒಂದೇ ಸಿಲಿಂಡರ್, ಗಾಳಿಗೇ ತಣಿಯುವ ಎಂಜಿನ್. ಶಕ್ತಿ ಹದಿನೈದು ಎಚ್‌ಪಿ ಆಸುಪಾಸು, ಅಷ್ಟೇ. ಆದರೆ ಅದರ ಕೂರುವ ರೀತಿಯೇ ಬೇರೆ. ಕಾಲು ಮುಂದಕ್ಕೆ ಚಾಚಬೇಕು, ಹ್ಯಾಂಡಲ್ ಕೈಯ ಹತ್ತಿರಕ್ಕೆ ಬರುತ್ತದೆ, ಸೀಟು ತಗ್ಗು. ಹಿಂದೆ ಕೂತವರಿಗೆ ಮೆತ್ತನೆ ಸೀಟು, ಒರಗಲು ಒಂದು ಬೆನ್ನುದಿಂಬು. ಜಗುಲಿಯ ಆರಾಮ್ ಕುರ್ಚಿಗೆ ಚಕ್ರ ಕಟ್ಟಿದ ಹಾಗೆ. ಅವ್ವ ಎರಡೂ ಕಾಲು ಒಂದೇ ಕಡೆ ಹಾಕಿ, ಬೆನ್ನುದಿಂಬಿಗೆ ಒರಗಿ, ಮಡಿಲಲ್ಲಿ ಚೀಲ ಇಟ್ಟುಕೊಂಡು ಮಾದಾಪುರದ ತಿರುವುಗಳಲ್ಲಿ ನಿದ್ದೆ ಮಾಡುತ್ತಿದ್ದಳು. ನಾನು ಬೈಕ್ ಕಲಿತದ್ದೂ ಅದರಲ್ಲೇ. ಬೇರೆ ಯಾವ ಬೈಕಿನ ಮೇಲೆ ಕೂತರೂ ನೆಲ ಸಿಗುತ್ತಿರಲಿಲ್ಲ. ಇದರಲ್ಲಿ ಮೊದಲ ದಿನವೇ ಸಿಕ್ಕಿತು.

ನನ್ನ ಮಟ್ಟಿಗೆ ಎಲಿಮಿನೇಟರ್ ಅಂದರೆ ಅದು. ಇಬ್ಬರು ಆರಾಮಾಗಿ ಸಂತೆಗೆ ಹೋಗುವ ಬೈಕು. ಇಪ್ಪತ್ತು ವರ್ಷ ಹಾಗೇ ಅಂದುಕೊಂಡಿದ್ದೆ. ಹುಡುಗ ಬೈಕ್ ತಗೊಂಡ ಮೇಲೆ ಹಳೇ ಕಥೆಯೆಲ್ಲ ಕೆದಕಿ ನನಗೆ ಫೋಟೋ ಕಳಿಸತೊಡಗಿದ. ಆಗ ಗೊತ್ತಾಯಿತು, ನಮ್ಮ ಮನೆಯದ್ದು ಆ ವಂಶದಲ್ಲಿ ಸಾಧು ಸ್ವಭಾವದ ಕೂಸು ಅಂತ.

ಮೂಲ ಎಲಿಮಿನೇಟರ್ 1985ರದ್ದು. ಕವಾಸಾಕಿಯವರು ತಮ್ಮ ನಿಂಜಾ ಜಿಪಿಝೆಡ್ 900 ಆರ್ ಬೈಕಿನ ಎಂಜಿನ್ ತೆಗೆದು, ಉದ್ದನೆಯ ತಗ್ಗಿನ ಮೈಯೊಳಗೆ ಕೂರಿಸಿದರು. 908 ಸಿಸಿ, ನಾಲ್ಕು ಸಿಲಿಂಡರ್, ನೂರಕ್ಕೂ ಜಾಸ್ತಿ ಎಚ್‌ಪಿ. ಹಿಂದಿನ ಚಕ್ರ ತಿರುಗಿಸಲು ಚೈನ್ ಬದಲು ಶಾಫ್ಟ್, ಅಂದರೆ ತಿರುಗುವ ಸರಳು. ಕಾಲು ಮೈಲಿ ನೆಟ್ಟಗೆ ಓಡಿಸಿ ಯಾರು ಮುಂದೆ ಅಂತ ನೋಡುತ್ತಾರಲ್ಲ, ಆ ಡ್ರ್ಯಾಗ್ ರೇಸ್ ಬೈಕಿನ ಚಹರೆ. ಹೆಸರು ನೋಡಿ, ಉಳಿದವರನ್ನೆಲ್ಲ ಹೊರಗೆ ಹಾಕುವವನು ಅಂತ. ಅವ್ವನನ್ನು ಕೂರಿಸಿಕೊಂಡು ಸಂತೆಗೆ ಹೋಗುವ ಬೈಕಿಗೆ ಇಡುವ ಹೆಸರೇ ಅದು? ಆಮೇಲೆ ಅದೇ ಹೆಸರಿನಲ್ಲಿ 1000 ಬಂತು, 600, 400, 250 ಬಂದವು, ಕೊನೆಗೆ 125ರ ತನಕ ಇಳಿಯಿತು. ಇಳಿಯುತ್ತಾ ಇಳಿಯುತ್ತಾ ಸಿಟ್ಟು ಕಡಿಮೆಯಾಗಿ ನಮ್ಮಲ್ಲಿಗೆ ಬರುವ ಹೊತ್ತಿಗೆ ಪೂರ್ತಿ ಪಳಗಿತ್ತು.

ನಮ್ಮಲ್ಲಿ ಅದರ ಆಯಸ್ಸು ಹೆಚ್ಚಿರಲಿಲ್ಲ. 2005ರಲ್ಲಿ ಬಜಾಜ್‌ನವರು ಅದೇ ಮೈಗೆ ತಮ್ಮ ಪಲ್ಸರ್ 180 ಬೈಕಿನ ಎಂಜಿನ್ ಹಾಕಿ ಅವೆಂಜರ್ ಅಂತ ಹೆಸರಿಟ್ಟರು. ಸಂತೆಯಲ್ಲಿ ಹಸು ಕೈ ಬದಲಾದರೆ ಹೊಸ ಮನೆಯವರು ಹೊಸ ಹೆಸರಿಟ್ಟು ಕರೆಯುತ್ತಾರಲ್ವಾ, ಹಾಗೆ. ನಡಿಗೆ ನೋಡಿದರೆ ಗುರುತು ಸಿಗುತ್ತದೆ. 2007ರಲ್ಲಿ 200 ಸಿಸಿ ಆಯಿತು, 2010ರಲ್ಲಿ 220. ಟಿವಿಯಲ್ಲಿ "ಫೀಲ್ ಲೈಕ್ ಗಾಡ್" ಅಂತ ಜಾಹೀರಾತು ಬರುತ್ತಿತ್ತು. ಮಳೆಗಾಲದಲ್ಲಿ ಗಮ್‌ಬೂಟ್ ಹಾಕಿಕೊಂಡು, ರೇನ್‌ಕೋಟ್ ಮೇಲೆ ಸಗಣಿ ಮೆತ್ತಿಸಿಕೊಂಡು ಹೋಗುವಾಗ ನನಗೆ ಆ ಮಾತು ನೆನಪಾಗಿ ನಗು ಬರುತ್ತದೆ.

ನಾನು ಅವೆಂಜರ್ 220 ತಗೊಂಡದ್ದು 2011ರಲ್ಲಿ. ಈಗಲೂ ಓಡುತ್ತಿದೆ. 2015ರಲ್ಲಿ ಸ್ಟ್ರೀಟ್, ಕ್ರೂಸ್ ಅಂತ ಎರಡು ಬಗೆ ಮಾಡಿದರು, ಒಂದು ಕರಿ, ಒಂದು ಪಳಪಳ. ನನಗೆ ಅದರಲ್ಲಿ ಆಸಕ್ತಿ ಹುಟ್ಟಲಿಲ್ಲ. ನನಗೆ ಬೇಕಾದದ್ದು ಹಿಂದಿನ ಸೀಟು ಮತ್ತು ಬೆನ್ನುದಿಂಬು.

ಯಾಕೆ ಅಂತ ಹೇಳುತ್ತೇನೆ, ಯಾಕೆಂದರೆ ಹೊಸ ಬೈಕಿನ ಬಗ್ಗೆ ನನ್ನ ತಕರಾರು ಇರುವುದು ಅಲ್ಲೇ. ನನ್ನ ಜೊತೆ ಮೂರು ಲೀಟರಿನ ನೈಟ್ರೋಜನ್ ಕ್ಯಾನ್ ಇರುತ್ತದೆ. ಒಳಗೆ ವೀರ್ಯದ ಸ್ಟ್ರಾಗಳು, ಸೊನ್ನೆಗಿಂತ 196 ಡಿಗ್ರಿ ಕೆಳಗೆ. ಆ ಕ್ಯಾನಿನ ಬಾಯಿಗೆ ಬಿಗಿಯಾದ ಮುಚ್ಚಳ ಹಾಕುವಂತಿಲ್ಲ. ಒಳಗಿನ ದ್ರವ ಸದಾ ಆವಿಯಾಗುತ್ತಿರುತ್ತದೆ, ಆ ಗಾಳಿ ಹೊರಗೆ ಹೋಗಬೇಕು. ಅದಕ್ಕೇ ಸಡಿಲವಾದ ಬಿರಡೆ. ಅಂದರೆ ಕ್ಯಾನ್ ವಾಲುವಂತಿಲ್ಲ, ಮಲಗಿಸುವಂತೂ ಇಲ್ಲ. ಅವೆಂಜರ್‌ನ ಹಿಂದಿನ ಸೀಟಿನ ಮೇಲೆ ಮಡಿಸಿದ ಗೋಣಿ ಹಾಕುತ್ತೇನೆ. ಅದರ ಮೇಲೆ ಕ್ಯಾನ್ ಇಟ್ಟು ಬೆನ್ನುದಿಂಬಿಗೆ ಒರಗಿಸುತ್ತೇನೆ. ಉದ್ದಕ್ಕೆ ಸೀಳಿದ ಹಳೇ ಸೈಕಲ್ ಟ್ಯೂಬ್‌ನಿಂದ ಬುಡಕ್ಕೆ ಒಂದು ಸುತ್ತು, ಕತ್ತಿನ ಕೆಳಗೆ ಎರಡು ಸುತ್ತು. ಕುಳ್ಳನೆಯ ಮುದುಕ ನನ್ನ ಹಿಂದೆ ಕೂತ ಹಾಗೆ ಕಾಣುತ್ತದೆ. ಹದಿನಾಲ್ಕು ವರ್ಷದಲ್ಲಿ ಒಂದು ಸಲವೂ ಬಿದ್ದಿಲ್ಲ. ಬೆಳಗ್ಗೆ ಬೆದೆ ಕಂಡರೆ ಸಂಜೆಯೊಳಗೆ ಹೋಗಬೇಕು, ಇಲ್ಲವಾದರೆ ಮತ್ತೆ ಇಪ್ಪತ್ತೊಂದು ದಿನ ಕಾಯಬೇಕು. ಸಾಲ ಮಾಡಿ ಹಸು ತಂದವರಿಗೆ ಇಪ್ಪತ್ತೊಂದು ದಿನ ಸಣ್ಣದಲ್ಲ.

ಈಗ ಹೊಸ ಬೈಕು. ಜಪಾನಿನಲ್ಲಿ 2023ರಲ್ಲಿ ಎಲಿಮಿನೇಟರ್ 400 ಆಗಿ ಈ ಹೆಸರು ಮತ್ತೆ ಬಂತು. ಅಲ್ಲಿ ಒಂದು ಮಾಡೆಲ್‌ಗೆ ಕಂಪನಿಯೇ ಹಿಂದೆ ಮುಂದೆ ಕ್ಯಾಮೆರಾ ಹಾಕಿ ಕೊಟ್ಟಿತ್ತು. ನಮ್ಮಲ್ಲಿಗೆ 2024ರ ಜನವರಿಯಲ್ಲಿ 500 ಬಂತು. 500 ಅಂತ ಹೆಸರು, ಅಸಲಿಗೆ 451 ಸಿಸಿ. ಜೋಡಿ ಸಿಲಿಂಡರ್, ನೀರಿನಿಂದ ತಣಿಯುವ ಎಂಜಿನ್, 45 ಎಚ್‌ಪಿ ಹತ್ತಿರ. ಇದೂ ನಿಂಜಾದ್ದೇ ಎಂಜಿನ್. ಹಳೇ ನಿಂಜಾ 400ರ ಪಿಸ್ಟನ್ ಅಗಲ ಹಾಗೇ ಇಟ್ಟು, ಅದು ಮೇಲೆ ಕೆಳಗೆ ಓಡುವ ದೂರವನ್ನು 51.8ರಿಂದ 58.6 ಮಿಲಿಮೀಟರ್‌ಗೆ ಹೆಚ್ಚಿಸಿದ್ದಾರೆ. 1985ರಲ್ಲಿ ಮಾಡಿದ್ದನ್ನೇ ಮತ್ತೆ ಮಾಡಿದ ಹಾಗಾಯಿತು, ನಿಂಜಾದ ಎದೆ, ತಗ್ಗಿದ ಮೈ.

ಸೀಟಿನ ಎತ್ತರ 735 ಮಿಲಿಮೀಟರ್. ನನ್ನ ಅವೆಂಜರ್‌ನಷ್ಟೇ. ಕೂತ ತಕ್ಷಣ ಎರಡೂ ಪಾದ ನೆಲಕ್ಕೆ, ಮಂಡಿ ಸ್ವಲ್ಪ ಮಡಚಿತು ಕೂಡ. ಮುಂದಿನಿಂದ ಸೀಟು ಸಪೂರ ಇದೆ, ಅದರ ಕರಾಮತ್ತು. ತೂಕ 176 ಕೆ.ಜಿ. ಅವೆಂಜರ್‌ಗಿಂತ ಇಪ್ಪತ್ತು ಕೆ.ಜಿ. ಜಾಸ್ತಿ ಇರಬಹುದು, ಶಕ್ತಿ ಮಾತ್ರ ಎರಡು ಪಟ್ಟಿಗಿಂತ ಜಾಸ್ತಿ.

ಆ ತೂಕದ ಬೆಲೆ ಗೊತ್ತಾದದ್ದು ಆನೆಕಾಡಿನಲ್ಲಿ. ಕುಶಾಲನಗರದಿಂದ ಸುಂಟಿಕೊಪ್ಪ ಕಡೆಗೆ ಬರುತ್ತಿದ್ದೆ, ಸಂಜೆ ಆರೂಕಾಲು. ಮುಂದಿದ್ದ ಪಿಕಪ್ ನಿಂತಿತು, ಅದರ ಮುಂದೆ ಬಸ್ಸು ನಿಂತಿತ್ತು. ಯಾರೂ ಹಾರ್ನ್ ಮಾಡಲಿಲ್ಲ, ಆಗಲೇ ಅರ್ಥವಾಯಿತು. ಮರಿ ಹಾಕಿದ ಹೆಣ್ಣಾನೆ ರಸ್ತೆ ಅಂಚಿನಲ್ಲೇ ನಿಂತಿತ್ತು. ಪಿಕಪ್‌ನವನು ಮೆಲ್ಲಗೆ ರಿವರ್ಸ್ ಬರತೊಡಗಿದ. ಬೈಕಿಗೆ ರಿವರ್ಸ್ ಎಲ್ಲಿದೆ? ಎಂಜಿನ್ ಆಫ್ ಮಾಡಿ, ಎರಡೂ ಕಾಲಿನಿಂದ ನೆಲ ಒದ್ದು ಒದ್ದು, ಸ್ವಲ್ಪ ಏರು ಇದ್ದ ಕಡೆಗೆ ಹದಿನೈದು ಮಾರು ಹಿಂದಕ್ಕೆ ತಂದೆ. ಬೇರೆಯವರ ಐದೂವರೆ ಲಕ್ಷದ ಬೈಕು, ಹಿಂದೆ ಕಾರಿನ ಬಂಪರ್, ಮುಂದೆ ಆನೆ. ಬೈಕ್ ಒಂದು ಕಡೆಗೂ ವಾಲಲಿಲ್ಲ. ರಾಯಲ್ ಎನ್‌ಫೀಲ್ಡ್‌ನ ಸೂಪರ್ ಮೀಟಿಯರ್ 650 ಕೂಡ ಹುಡುಗ ನೋಡಿದ್ದನಂತೆ. ಅದರ ಸೀಟೂ ತಗ್ಗೇ, ಆದರೆ ತೂಕ 241 ಕೆ.ಜಿ. ಆ ಸಂಜೆ ಅದಾಗಿದ್ದರೆ ನಾನು ಬೈಕ್ ಬಿಟ್ಟು ಓಡುತ್ತಿದ್ದೆ.

ಓಡಿಸುವುದಕ್ಕೆ? ಚೆನ್ನಾಗಿದೆ, ಬಹಳ ಚೆನ್ನಾಗಿದೆ. ಬೈಲಕುಪ್ಪೆ ದಾಟಿ ಪಿರಿಯಾಪಟ್ಟಣದ ಕಡೆ ನೇರ ರಸ್ತೆಯಲ್ಲಿ ನೂರರ ಮೇಲೆ ಮುಳ್ಳು ಹೋದರೂ ಗೊತ್ತೇ ಆಗಲಿಲ್ಲ. ಮುಳ್ಳು ಅಂದೆ, ಮುಳ್ಳಿಲ್ಲ, ದುಂಡಗಿನ ಪುಟ್ಟ ಪರದೆಯಲ್ಲಿ ಅಂಕಿ ಬರುತ್ತದೆ. ಅವೆಂಜರ್ ಎಂಬತ್ತು ದಾಟಿದರೆ ಕಾಲಿಡುವ ಕಡೆ ಜುಮ್ಮೆನ್ನುತ್ತದೆ, ಇದರಲ್ಲಿ ಅದು ಇಲ್ಲ. ಕ್ಲಚ್ ಎಷ್ಟು ಹಗುರ ಅಂದರೆ ಮೊದಲ ದಿನ ವೈರ್ ತುಂಡಾಗಿದೆಯೇನೋ ಅಂತ ಹೆದರಿದೆ. ಇಳಿಜಾರಿನಲ್ಲಿ ಅವಸರಕ್ಕೆ ಎರಡು ಗೇರ್ ಇಳಿಸಿದರೂ ಹಿಂದಿನ ಚಕ್ರ ಜಾರಲಿಲ್ಲ. ಎರಡೂ ಚಕ್ರಕ್ಕೆ ಎಬಿಎಸ್ ಇದೆ, ಜೋರಾಗಿ ಬ್ರೇಕ್ ಹಿಡಿದರೂ ಚಕ್ರ ಕಚ್ಚಿ ನಿಂತು ಜಾರದ ಹಾಗೆ ನೋಡಿಕೊಳ್ಳುತ್ತದೆ. ನನ್ನ ಗಾಡಿಯಲ್ಲಿ ಹಿಂದೆ ಡ್ರಮ್ ಬ್ರೇಕು, ಅದನ್ನು ಯಾವಾಗ ಎಷ್ಟು ಒತ್ತಬೇಕು ಅಂತ ನನ್ನ ಕಾಲಿಗೇ ಗೊತ್ತು, ಹೊಸಬರಿಗೆ ಕೊಟ್ಟರೆ ಭಯ.

ಇನ್ನೊಂದು ದೊಡ್ಡ ವ್ಯತ್ಯಾಸ ಕಾಲಿಡುವ ಜಾಗ. ಹಳೇ ಎಲಿಮಿನೇಟರ್, ಅವೆಂಜರ್ ಎರಡರಲ್ಲೂ ಕಾಲು ಮುಂದೆ. ನೋಡಲು ಠೀವಿ. ಆದರೆ ಗುಂಡಿ ಬಂದಾಗ ಸೀಟಿನಿಂದ ಏಳಲು ಆಗುವುದಿಲ್ಲ, ಪೂರ್ತಿ ಏಟು ಸೊಂಟಕ್ಕೆ. ಹೊಸದರಲ್ಲಿ ಕಾಲು ದೇಹದ ಕೆಳಗೇ ಬರುತ್ತದೆ. ಹಟ್ಟಿಹೊಳೆ, ಮಕ್ಕಂದೂರು ದಾರಿ ಗೊತ್ತಿದ್ದವರಿಗೆ ಇದು ಎಂಥ ಉಪಕಾರ ಅಂತ ಬೇರೆ ಹೇಳಬೇಕಿಲ್ಲ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದ ಮೇಲೆ ಆ ಕಡೆ ರಸ್ತೆ ಮೇಲೆ ನನಗೆ ಪೂರ್ತಿ ನಂಬಿಕೆ ಬಂದೇ ಇಲ್ಲ. ಗುಂಡಿ ಕಂಡ ಕೂಡಲೇ ಕಾಲ ಮೇಲೆ ಭಾರ ಹಾಕಿ ಎದ್ದುಬಿಡುತ್ತಿದ್ದೆ. ಎರಡನೇ ದಿನದ ಹೊತ್ತಿಗೆ ಸೊಂಟ ನೋವಿಲ್ಲ ಅಂತ ಅರಿವಾಯಿತು. ಒಂದು ಮಾತು, ನೆಲದಿಂದ ಬೈಕಿನ ಹೊಟ್ಟೆಗೆ ಇರುವುದು 150 ಮಿಲಿಮೀಟರ್. ತೋಟದ ಗೇಟಿನ ಹತ್ತಿರ ನೀರು ಹೋಗಲು ಕಟ್ಟಿದ ಕಲ್ಲು ದಿಣ್ಣೆಗಳಿರುತ್ತವಲ್ಲ, ಅಲ್ಲಿ ಅಡ್ಡಕ್ಕೆ ಹಾಯಿಸಿ ಹತ್ತಿಸುವುದು ಒಳ್ಳೆಯದು. ನಾನು ಹಾಗೆ ಮಾಡಿದೆ, ತಾಗಲಿಲ್ಲ.

ಟೈರ್‌ನಲ್ಲಿ ಟ್ಯೂಬ್ ಇಲ್ಲ, ಇದನ್ನು ಮರೆಯಬಾರದು. ಅವೆಂಜರ್‌ನ ಕಡ್ಡಿ ಚಕ್ರ ರಾತ್ರಿ ಎಂಟು ಗಂಟೆಗೆ ಪಂಕ್ಚರ್ ಆದರೆ ನಮ್ಮ ಕಡೆ ಬೆಳಗ್ಗೆ ತನಕ ಕಾಯಬೇಕು.

ಇನ್ನು ಹಿಂದಿನ ಸೀಟು. ಅವ್ವನಿಗೆ ಈಗ ಎಪ್ಪತ್ನಾಲ್ಕು. ಹುಡುಗ ಬೈಕ್ ತಂದ ದಿನವೇ ಕಣಕ್ಕೆ ಬಂದು ಸುತ್ತ ಒಂದು ಸಲ ನೋಡಿದಳು. ಹಿಂದಿನ ಸೀಟಿನ ಮೇಲೆ ಅಂಗೈ ಇಟ್ಟು ಅಳತೆ ಮಾಡಿದಳು.

"ಇದೇನೋ ಇದು, ಕಾಯಿ ತುರಿಯೋ ಮಣೆ ಇದಕ್ಕಿಂತ ದೊಡ್ಡದಿರುತ್ತೆ."

"ಅಜ್ಜಿ, ಇದು ಒಬ್ಬರಿಗೆ ಅಂತಲೇ ಮಾಡಿರೋ ಬೈಕು."

"ಹಾಗಾದ್ರೆ ನಿನಗೆ ಮದುವೆ ಬೇಡ್ವಾ?"

ಅವನ ಹತ್ತಿರ ಉತ್ತರ ಇರಲಿಲ್ಲ. ನಿಜ ಹೇಳಬೇಕೆಂದರೆ ಸೀಟು ತೀರಾ ಚಿಕ್ಕದು, ಒರಗಲು ಏನೂ ಇಲ್ಲ. ಬೆಂಗಳೂರಿನಿಂದ ಯಾರನ್ನಾದರೂ ಕೂರಿಸಿಕೊಂಡು ಇಲ್ಲಿಯ ತನಕ ಬಂದರೆ ಆ ಸ್ನೇಹ ಅಲ್ಲಿಗೆ ಮುಗಿಯಿತು.

ನಾನು ಕ್ಯಾನ್ ಕಟ್ಟಿ ನೋಡಿದೆ. ಗೋಣಿ ಮಡಿಸಿ ಹಾಕಿದರೆ ಗೋಣಿಯೇ ಎರಡೂ ಕಡೆ ಇಳಿಬಿತ್ತು. ಟ್ಯೂಬ್ ಸುತ್ತಿದೆ, ಬಿಗಿದೆ, ಅಲುಗಾಡಿಸಿದೆ. ನಿಂತ ಹಾಗೆ ಕಂಡಿತು. ಮನೆಯಿಂದ ಮೇನ್ ರೋಡಿಗೆ ಮುಕ್ಕಾಲು ಕಿಲೋಮೀಟರ್. ಅಷ್ಟರಲ್ಲಿ ಬೆನ್ನಿಗೆ ತಣ್ಣಗಿನ ಗಾಳಿ ತಾಗಿದ ಹಾಗಾಯಿತು. ನಿಲ್ಲಿಸಿ ತಿರುಗಿದರೆ ಕ್ಯಾನ್ ಬಲಕ್ಕೆ ವಾಲಿ, ಬಿರಡೆಯ ಅಂಚಿನಿಂದ ಬಿಳಿ ಹೊಗೆ ಸೋರುತ್ತಿತ್ತು. ಕೈಯಲ್ಲಿ ನೆಟ್ಟಗೆ ಹಿಡಿದು, ಬೈಕನ್ನು ಅಲ್ಲೇ ಬಿಟ್ಟು, ಕ್ಯಾನ್ ಹೊತ್ತುಕೊಂಡು ನಡೆದು ವಾಪಸ್ ಬಂದೆ. ಅವತ್ತಿನಿಂದ ಇಂಜೆಕ್ಷನ್ ಕೇಸಿಗೆ ಕವಾಸಾಕಿ, ಕ್ಯಾನ್ ಇದ್ದರೆ ಅವೆಂಜರ್.

ಮೈಲೇಜ್ ನನಗೆ ಸಿಕ್ಕಿದ್ದು ಲೀಟರಿಗೆ 25 ಚಿಲ್ಲರೆ. ಟ್ಯಾಂಕು 13 ಲೀಟರ್. ಅವೆಂಜರ್ ಈಗಲೂ 38 ಕೊಡುತ್ತದೆ.

ದುಡ್ಡಿನ ವಿಚಾರ. 2024ರಲ್ಲಿ ಬಂದಾಗ ಶೋರೂಂ ಬೆಲೆಯೇ 5.62 ಲಕ್ಷ. ಸೂಪರ್ ಮೀಟಿಯರ್ ಅದಕ್ಕಿಂತ ತುಂಬಾ ಕಡಿಮೆಗೆ ಸಿಗುತ್ತದೆ, ಎಂಜಿನ್ ದೊಡ್ಡದು. 2025ರಲ್ಲಿ ಹೋಂಡಾ ರೆಬೆಲ್ 500 ಕೂಡ ಬಂತು, ಅದರ ಸೀಟು 690 ಮಿಲಿಮೀಟರ್. ನನಗಿಂತ ಗಿಡ್ಡ ಇರುವವರು ಅದನ್ನು ನೋಡಬಹುದು. ಮೇಲಾಗಿ ಸೆಪ್ಟೆಂಬರ್ 2025ರಿಂದ 350 ಸಿಸಿ ಮೇಲಿನ ಬೈಕಿಗೆಲ್ಲ ಜಿಎಸ್‌ಟಿ ಶೇಕಡಾ 40. ಆದರೂ ಎರಡು ವರ್ಷದಿಂದ ಕಾಫಿ ರೇಟು ಏರಿದ ಮೇಲೆ ನಮ್ಮ ಪೇಟೆಯಲ್ಲಿ ದೊಡ್ಡ ಬೈಕುಗಳು ಜಾಸ್ತಿಯಾಗಿವೆ. 2003ರಲ್ಲಿ ಅಪ್ಪ ರೇಟು ಬಿದ್ದಾಗ ಬೈಕ್ ತಂದರು, ಇವರು ಎದ್ದಾಗ ತರುತ್ತಿದ್ದಾರೆ. ಯಾರು ಬುದ್ಧಿವಂತರು ಅಂತ ಅವ್ವನನ್ನು ಕೇಳಬೇಕು.

ಅಪ್ಪನ ಬೈಕಿನಿಂದ ಕಲಿತ ಪಾಠ ಒಂದಿದೆ. ಆ ಮಾಡೆಲ್ ನಿಂತ ಮೇಲೆ ಮೈಯ ಸಾಮಾನುಗಳಿಗೆ ಅವೆಂಜರ್‌ದು ಹಾಕಿ ಹೇಗೋ ನಡೆಸಿದೆವು, ಎಂಜಿನ್ ಸಾಮಾನಿಗೆ ಮಾತ್ರ ಅಲೆದಾಟ. ಈಗ ಅದು ಕಣದ ಪಕ್ಕದ ಶೆಡ್ಡಿನಲ್ಲಿ ಗೋಣಿಚೀಲ ಹೊದ್ದು ನಿಂತಿದೆ. ಹೊಸದನ್ನು ನಮ್ಮ ಮೆಕ್ಯಾನಿಕ್‌ಗೆ ತೋರಿಸಿದೆ. ಪಾಪ, ಪ್ರೀತಿಯಿಂದ ನೋಡಿದ, ಮುಟ್ಟಲಿಲ್ಲ. "ಅಕ್ಕ, ಇದಕ್ಕೆ ನಾನು ಮಾಡಬಹುದಾದ್ದು ಚೈನಿಗೆ ಆಯಿಲ್ ಬಿಡೋದು ಅಷ್ಟೇ. ಉಳಿದದ್ದಕ್ಕೆ ಬೆಂಗಳೂರಿಗೆ ಹೋಗಿ" ಅಂದ. ಹುಡುಗ ಬೆಂಗಳೂರಲ್ಲೇ ಇರುವುದರಿಂದ ಅವನಿಗೆ ಕಷ್ಟವಿಲ್ಲ. ಇಲ್ಲಿದ್ದು ದಿನಾ ಓಡಿಸುವವರು ಬೈಕ್ ನೋಡುವ ಮೊದಲು ಇದನ್ನು ಯೋಚಿಸಿ.

ಒಬ್ಬರೇ ತಿರುಗುವವರು, ಎತ್ತರ ಕಡಿಮೆ ಇರುವವರು, ಭಾರದ ಬೈಕ್ ಕಂಡರೆ ಹಿಂಜರಿಯುವವರು ಎಲಿಮಿನೇಟರ್ 500 ಒಂದು ಸಲ ಓಡಿಸಿ ನೋಡಲೇಬೇಕು. ಅಷ್ಟು ತಗ್ಗಿನಲ್ಲಿ ಕೂತು ಅಷ್ಟು ಚುರುಕಾಗಿ ತಿರುಗುವ ಬೈಕನ್ನು ನಾನು ಬೇರೆ ಕಂಡಿಲ್ಲ. ಹುಡುಗ ವಾಪಸ್ ಬಂದಾಗ ಕೀ ಕೊಡಲು ಕೈ ಸ್ವಲ್ಪ ತಡವರಿಸಿದ್ದು ಸುಳ್ಳಲ್ಲ. "ಚಿಕ್ಕಮ್ಮ, ಮಾರೋದಾದ್ರೆ ನಿಮಗೇ ಮೊದಲು ಹೇಳ್ತೀನಿ" ಅಂದ. ಓಡೋಮೀಟರ್ ನೋಡಿದ ಮೇಲೆ ಬೇರೇನೂ ಅನ್ನಲಿಲ್ಲ.

ನನ್ನ ಅವೆಂಜರ್‌ಗೆ ಈ ವರ್ಷ ಹದಿನೈದು ತುಂಬುತ್ತದೆ, ಆರ್‌ಸಿ ರಿನ್ಯೂ ಮಾಡಿಸಬೇಕು. ಚೈನ್ ಸೆಟ್ ಹೊಸದು ಹಾಕಿಸಿದ್ದೇನೆ, ಹಿಂದಿನ ಬ್ರೇಕ್ ಶೂ ಕೂಡ. ಬರುವ ಶುಕ್ರವಾರ ರಜೆ ಹಾಕಿ ಮಡಿಕೇರಿ ಆರ್‌ಟಿಒಗೆ ಹೋಗುತ್ತಿದ್ದೇನೆ. ಅವ್ವನೂ ಬರುತ್ತಾಳಂತೆ, ಅವತ್ತು ಸಂತೆ ಇದೆಯಲ್ಲ.